ನಮ್ಮ ಪದ್ಮಿನಿಯ ಬಾಯಾರಿಕೆ

“ಇದು ಪೆಟ್ರೋಲ್ ಕುಡಿಯೋದು ನೋಡಿದ್ರೆ ಗುಜರಿಗೆ ಹಾಕೋದೇ ಮೇಲು, ಅಪ್ಪ” ಎಂದು ಮಗ ಹೇಳಿದ ರಾತ್ರಿ ಮೊಮ್ಮಗಳು ಊಟ ಮಾಡಲಿಲ್ಲ. ಹಲಸೂರಿನ ನಮ್ಮ ಮನೆಯ ಮುಂದೆ ನಿಂತಿರುವ ಪ್ರೀಮಿಯರ್ ಪದ್ಮಿನಿ ಅವಳ ಅಪ್ಪನಿಗಿಂತ ಹಿರಿಯದು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಲ್ಲಿ ಮುಂಬಯಿಯಲ್ಲಿ ತಯಾರಾಗತೊಡಗಿ, 1974ರ ನಂತರ ಪದ್ಮಿನಿಯಾದ ಗಾಡಿ. ಎಂಜಿನ್ 1089 ಸಿಸಿ.

“ಎಷ್ಟು ಕುಡಿಯುತ್ತೆ ಅಂತ ಲೆಕ್ಕ ಹಾಕೋಣ, ತಾತ” ಎಂದಳು ಮರುದಿನ. ಟ್ಯಾಂಕ್ ಭರ್ತಿ ಮಾಡಿಸಿ, ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರಕ್ಕೆ ನಾಲ್ಕು ಸಲ ಹೋಗಿ ಬಂದೆವು. 96 ಕಿ.ಮೀ. ಆಯಿತು. ಮತ್ತೆ ಭರ್ತಿ ಮಾಡಲು 11.3 ಲೀಟರ್ ಹಿಡಿಯಿತು. ಅವಳು ಭಾಗಿಸಿದಳು: ಲೀಟರಿಗೆ 8.5. ನನಗೇ ನಾಚಿಕೆಯಾಯಿತು.

ಈಗಿನ ಕಾರುಗಳಲ್ಲಿ ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಕೊಡುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಎಂಜಿನ್ ಎಳೆದುಕೊಳ್ಳುವ ಗಾಳಿ ಇಕ್ಕಟ್ಟು ಕೊಳವೆಯಲ್ಲಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಪಕ್ಕದ ಪುಟ್ಟ ಬಟ್ಟಲಿನ ಪೆಟ್ರೋಲ್ ಜೆಟ್ ಎಂಬ ಸಣ್ಣ ತೂತಿನಿಂದ ಚಿಮ್ಮಿ ಬಂದು ಗಾಳಿಯೊಡನೆ ಬೆರೆಯುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ತೆಳು. ಕಡಲತೀರಕ್ಕೆ ಸರಿಹೋಗುವ ಜೆಟ್ ಇಲ್ಲಿ ಪೆಟ್ರೋಲನ್ನು ತುಸು ಧಾರಾಳವಾಗಿಯೇ ಬಡಿಸುತ್ತದೆ.

ಆದರೆ ನಮ್ಮ ಗಾಡಿಯ ಕಾಯಿಲೆ ಬೇರೆ ಇತ್ತು. ಶಿವಾಜಿನಗರದ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿದರು. ಬಾಣಲೆಯ ತಳದಂತೆ ಮಸಿ! ಸರಿಯಾಗಿ ಉರಿದರೆ ಅದು ತಿಳಿ ಕಂದು ಬಣ್ಣಕ್ಕಿರಬೇಕು. “ಸಾರ್, ಚೋಕ್ ಪೂರ್ತಿ ತೆರೀತಾನೇ ಇಲ್ಲ” ಎಂದರು. ತಣ್ಣಗಿನ ಎಂಜಿನ್ ಶುರುವಾಗಲು ಗಾಳಿಯನ್ನು ತಡೆದು ಪೆಟ್ರೋಲ್ ಹೆಚ್ಚಿಸುವ ಮುಚ್ಚಳ ಅದು. ಕೇಬಲ್ ತುಕ್ಕು ಹಿಡಿದು, ನಾನು ಗುಂಡಿಯನ್ನು ಒಳಗೆ ತಳ್ಳಿದರೂ ಮುಚ್ಚಳ ಅರ್ಧ ಮುಚ್ಚಿಕೊಂಡೇ ಇತ್ತು. ಬದಲಿ ಕೇಬಲ್ ಸಿಕ್ಕಿದ್ದು ಎಲ್ಲಿ ಗೊತ್ತೇ? ಗುಜರಿ ಅಂಗಡಿಯಲ್ಲೇ.

ಜೊತೆಗೆ ಏರ್ ಫಿಲ್ಟರ್ ಬದಲಾಯಿತು, ಟೈರಿಗೆ ಗಾಳಿ ಸರಿಹೋಯಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ಹಳೆಯ ರಬ್ಬರನ್ನು ಕೆಡಿಸುವುದರಿಂದ ಪೆಟ್ರೋಲ್ ಪೈಪನ್ನೂ ಹೊಸದು ಹಾಕಿಸಿದೆ. “ಪೆಟ್ರೋಲ್ ಇನ್ನೂ ಕಡಿಮೆ ಮಾಡಿ” ಎಂದಿದ್ದಕ್ಕೆ ಮೆಕ್ಯಾನಿಕ್ ಒಪ್ಪಲಿಲ್ಲ. ತೀರಾ ಕಡಿಮೆಯಾದರೆ ಎಂಜಿನ್ ಕಾದು ವಾಲ್ವ್ ಸುಡುತ್ತದಂತೆ. ದುರಾಸೆ ನನ್ನದೇ. (ಮಕ್ಕಳೇ, ಇದೆಲ್ಲ ನೀವು ಮುಟ್ಟುವ ಕೆಲಸವಲ್ಲ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಲೆಕ್ಕದ ಪುಸ್ತಕ ಮಾತ್ರ ನಿಮ್ಮದು.)

ಮತ್ತೆ ನಾಲ್ಕು ಸಲ ಕೆ.ಆರ್. ಪುರ. 97 ಕಿ.ಮೀ.ಗೆ 8.1 ಲೀಟರ್. ಮಗ ನಂಬದೆ ತಾನೇ ಭಾಗಿಸಿ ನೋಡಿದ: ಹತ್ತಿರ ಹತ್ತಿರ 12. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರ ತರಕಾರಿಗೆ ಇದನ್ನೇ ತಗೊಂಡು ಹೋಗ್ತೀನಿ” ಎಂದ.

“ಚೋಕ್ ಒಳಗೆ ತಳ್ಳೋದು ಮರೀಬೇಡಪ್ಪ” ಎಂದಳು ಮಗಳು, ಬೀಗದ ಕೈ ಕೊಡುತ್ತಾ.