ಮನೆಯೊಳಗೆ ರೈಲು ಓಡಿಸ್ಬೇಕಾ? ಒಂದು ಪ್ಲೈವುಡ್ ಶೀಟ್ ಸಾಕು, ಆದ್ರೆ ಲೆಕ್ಕ ಮೊದಲು

ಹಾವೇರಿ: ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಪಟ್ಟಣದ ಮಕ್ಕಳು ರೈಲು ನೋಡಬೇಕಂದ್ರೆ ಮೊದಲು ಬಸ್ ಹತ್ತಬೇಕು. ಹುಬ್ಬಳ್ಳಿ–ದಾವಣಗೆರೆ ಮಾರ್ಗ ಸವಣೂರು ತಾಲೂಕಿನ ಯಲವಿಗಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂಲಕ ಹೋಗುತ್ತದೆ. ಈ ಮೂರು ಪಟ್ಟಣಗಳಿಗೆ ಹಳಿ ಇಲ್ಲ. ಹಾಗಾಗಿ ರೈಲಿನ ಹುಚ್ಚಿರುವ ಮಗುವಿಗೆ ಮನೆಯಲ್ಲೇ ಮಾದರಿ ರೈಲು ಕಟ್ಟಿಕೊಡುವ ಆಸೆ ಸಹಜ. ಆದ್ರೆ ಎಂಜಿನ್, ಹಳಿ ಮೊದಲು ಕೊಂಡು ಜಾಗ ಆಮೇಲೆ ಹುಡುಕಿದ್ರೆ ಸಾವಿರಾರು ರೂಪಾಯಿ ಸಾಮಾನು ಅಟ್ಟ ಸೇರುತ್ತೆ.

ಅಳತೆ ಹೇಗೆ?

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ. ಅಂದ್ರೆ ನಿಜವಾದ ರೈಲಿನ 87ನೇ ಒಂದು ಭಾಗ. 21.3 ಮೀಟರ್ ಉದ್ದದ ಹಳೆಯ ನೀಲಿ ಬೋಗಿ ಇಲ್ಲಿ 24.5 ಸೆಂ.ಮೀ. ಆಗುತ್ತದೆ. ಐದೂವರೆ ಅಡಿ ಮನುಷ್ಯ 2 ಸೆಂ.ಮೀ.ಗಿಂತ ಚೂರು ಕಡಿಮೆ.

ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಇದೇ ಅಳತೆಗೆ ಇಳಿಸಿದ್ರೂ 17 ಮೀಟರ್ ಬೇಕು. ಯಾರ ಮನೆಯಲ್ಲೂ ಅಷ್ಟು ಜಾಗ ಇರಲ್ಲ. ಆದ್ದರಿಂದ ದೊಡ್ಡ ಜಂಕ್ಷನ್ ಬಿಟ್ಟು ಹಳ್ಳಿಯ ಸಣ್ಣ ನಿಲ್ದಾಣ ಆರಿಸಿಕೊಳ್ಳುವುದೇ ಜಾಣತನ. ಒಂದು ಎಂಜಿನ್, ಮೂರು ಬೋಗಿ ಸೇರಿದ್ರೆ ಸುಮಾರು 1 ಮೀಟರ್. ಪ್ಲಾಟ್‌ಫಾರ್ಮ್ ಅಷ್ಟಿದ್ರೆ ಸಾಕು.

8x4 ಅಡಿ ಹಲಗೆಯಲ್ಲಿ ಏನು ಹಿಡಿಯುತ್ತೆ?

ಅಂಗಡಿಯಲ್ಲಿ ಸಿಗುವ 8x4 ಅಡಿ ಪ್ಲೈವುಡ್ ಶೀಟಿನ ಅಗಲ 122 ಸೆಂ.ಮೀ. ಎಚ್‌ಒ ರೈಲಿನ ಸಾಮಾನ್ಯ ತಿರುವಿಗೆ 92 ಸೆಂ.ಮೀ. ವ್ಯಾಸ ಬೇಕು. ಅಂಚಿಗೆ ಜಾಗ ಬಿಟ್ಟು ಒಂದು ಅಂಡಾಕಾರದ ಸುತ್ತು ಸಲೀಸಾಗಿ ಕೂರುತ್ತದೆ.

ಮೇಲ್ಸೇತುವೆ ಮಾಡೋಣ ಅನ್ನೋರು ಇಷ್ಟು ನೋಡಲಿ: ಕೆಳಗೆ ಇನ್ನೊಂದು ರೈಲು ಹೋಗಬೇಕಂದ್ರೆ ಹಳಿ 8 ಸೆಂ.ಮೀ. ಏರಬೇಕು. ಎಂಜಿನ್ ಜಾರದಂತೆ 50ಕ್ಕೆ 1ರ ಏರು ಕೊಟ್ಟರೆ ಹತ್ತೋಕೆ 4 ಮೀಟರ್, ಇಳಿಯೋಕೆ 4 ಮೀಟರ್. ಇಡೀ ಸುತ್ತೇ ಐದೂವರೆ ಮೀಟರಿನ ಆಸುಪಾಸು. ಹಾಗಾಗಿ ಮೊದಲ ಸಲ ಹಳಿ ಸಮತಟ್ಟಾಗಿರಲಿ.

ಆಟ ಇರೋದು ಕ್ರಾಸಿಂಗ್‌ನಲ್ಲಿ

ಸುಮ್ಮನೆ ಸುತ್ತುವ ರೈಲು ವಾರದಲ್ಲಿ ಬೇಸರ ತರಿಸುತ್ತೆ. ಪ್ಯಾಸೆಂಜರ್ ರೈಲಿನಲ್ಲಿ ಕೂತು ‘ಯಾಕ್ ನಿಂತೈತಿ?’, ‘ಕ್ರಾಸಿಂಗ್ ಐತ್ರಿ’ ಎಂಬ ಮಾತು ಕೇಳದವರಿಲ್ಲ. ಅದನ್ನೇ ಹಲಗೆಯ ಮೇಲೆ ತನ್ನಿ. ಎರಡು ಪಾಯಿಂಟ್ ಹಾಕಿ ಒಂದು ಲೂಪ್ ಲೈನ್ ಕೊಟ್ಟರೆ ಒಂದು ರೈಲು ನಿಲ್ಲುತ್ತೆ, ಇನ್ನೊಂದು ದಾಟುತ್ತೆ. ಯಾವುದನ್ನು ನಿಲ್ಲಿಸಬೇಕು ಎಂಬುದು ಮಗುವಿನ ತೀರ್ಮಾನ.

ಇದಕ್ಕೆ ಲೂಪ್‌ನ ಒಂದು ಹಳಿಯನ್ನು ಎರಡೂ ತುದಿಯಲ್ಲಿ ಪ್ಲಾಸ್ಟಿಕ್ ಜಾಯಿಂಟರ್‌ನಿಂದ ಬೇರ್ಪಡಿಸಿ, ಅದಕ್ಕೆ ಸ್ವಿಚ್ ಮೂಲಕ ವೈರ್ ಕೊಡಬೇಕು. ಸ್ವಿಚ್ ಆಫ್ ಆದ್ರೆ ಅಲ್ಲಿನ ಎಂಜಿನ್ ನಿಲ್ಲುತ್ತದೆ. ಹಳಿಗೆ ಹರಿಯುವುದು 12 ವೋಲ್ಟ್ ಡಿಸಿ ಮಾತ್ರ. ಆದ್ರೆ ಗೋಡೆಯ ಪ್ಲಗ್‌ನಲ್ಲಿ 230 ವೋಲ್ಟ್ ಇರುತ್ತದೆ, ಆದ್ದರಿಂದ ಕಂಪನಿಯ ಸಿದ್ಧ ಅಡಾಪ್ಟರನ್ನೇ ಬಳಸಿ.

ನಮ್ಮೂರಿನ ನೋಟ

ಹಾನಗಲ್‌ನ ಭತ್ತದ ಗದ್ದೆ, ಸವಣೂರಿನ ದೊಡ್ಡ ಹುಣಸೆಮರಗಳನ್ನು ಥರ್ಮಾಕೋಲ್, ಕಾಗದ, ಒಣಕಡ್ಡಿಯಿಂದಲೇ ಮಾಡಬಹುದು. ನೆಲಕ್ಕೆ ಹೊಲದ ಮಣ್ಣನ್ನು ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಿಂದ ಅಂಟಿಸಿ. ಅದಕ್ಕೂ ಮೊದಲು ಮಣ್ಣಿನಲ್ಲಿ ಅಯಸ್ಕಾಂತ ಆಡಿಸಿ. ಕಬ್ಬಿಣದ ಪುಡಿ ಉಳಿದ್ರೆ ಮೋಟರ್ ಸೇರಿ ಎಂಜಿನ್ ಕೆಡಿಸುತ್ತದೆ. ಹಳಿ ಮೇಲೆ ಧೂಳು ಕೂತರೆ ಕರೆಂಟ್ ಹರಿಯಲ್ಲ, ಆಗಾಗ ಒರೆಸುತ್ತಿರಬೇಕು.

ಕೊಳ್ಳುವ ಮೊದಲು

ಹಲಗೆಯನ್ನು ಗೋಡೆಗೆ ಒತ್ತಿಸಬೇಡಿ. ಮೂಲೆಯಲ್ಲಿ ಹಳಿ ತಪ್ಪಿದ ಬೋಗಿಗೆ ಕೈ ಎಟುಕಬೇಕು. ಒಂದು ರೂಪಾಯಿ ಖರ್ಚು ಮಾಡುವ ಮುನ್ನ ನೆಲದ ಮೇಲೆ ಸೀಮೆಸುಣ್ಣದಿಂದ 8x4 ಅಡಿ ಗೆರೆ ಹಾಕಿ, ಸುತ್ತ ಓಡಾಡಿ ನೋಡಿ. ಎರಡು ದಿನ ಮನೆಯವರು ಗೆರೆ ತುಳಿಯದೆ ಓಡಾಡಿದ್ರೆ ಆ ಜಾಗ ರೈಲಿಗೆ ಸಿಕ್ಕಿತು ಅಂತಲೇ ಲೆಕ್ಕ.