ನಲ್ಲಿಯನ್ನು ಮುಚ್ಚುವವರು ಯಾರು?

ಯಂತ್ರಗಳು ಮನುಷ್ಯನ ಶ್ರಮವನ್ನು ಕಡಿಮೆ ಮಾಡುತ್ತವೆಂಬುದು ಎಲ್ಲರೂ ಬಲ್ಲ ಮಾತು. ಅವು ಅವನ ನೆನಪಿನ ಹೊರೆಯನ್ನೂ ಇಳಿಸುತ್ತವೆಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಸ್ಕೂಟರಿನ ಪೆಟ್ರೋಲ್ ಟ್ಯಾಂಕಿನ ಕೆಳಗೆ ಅಡಗಿ ಕುಳಿತಿರುವ ಪುಟ್ಟ ನಲ್ಲಿಯೊಂದು ಇದಕ್ಕೆ ಒಳ್ಳೆಯ ನಿದರ್ಶನ. ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ನಲ್ಲಿಯ ಗೊಡವೆ ಏಕೆಂದು ತಾವು ಕೇಳಬಹುದು. ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ನೆಲೆಸಿರುವ ನನ್ನ ಬಳಿಯೂ ಒಂದು ಹಳೆಯ ಸ್ಕೂಟರಿದೆ. ಅಂಥ ಗಾಡಿಗಳನ್ನು ಇನ್ನೂ ಓಡಿಸುತ್ತಿರುವವರು ಮೆಕ್ಯಾನಿಕ್ಕಿನ ಅಂಗಡಿಯ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: “ಈ ವ್ಯಾಕ್ಯೂಮ್ ಕಾಕ್ ತೆಗೆದು, ಕೈಯಲ್ಲಿ ತಿರುಗಿಸುವ ಕಾಕ್ ಹಾಕಿಬಿಡಪ್ಪ, ಆಗುತ್ತದೋ?” ಆಗುತ್ತದೆ. ಆದರೆ ಹಾಗೆ ಮಾಡಬೇಕೆ ಎಂಬುದು ಬೇರೆಯೇ ಪ್ರಶ್ನೆ.

ಮೊದಲು ಹಳೆಯ ನಲ್ಲಿಯ ಮಾತು. 1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರನ್ನು ಓಡಿಸಿದವರಿಗೆ ಸೀಟಿನ ಕೆಳಗಿದ್ದ ಚಿಕ್ಕ ಹಿಡಿಯ ನೆನಪಿರಬೇಕು. ಅದಕ್ಕೆ ಮೂರು ಸ್ಥಾನಗಳು: ತೆರೆದದ್ದು, ಮುಚ್ಚಿದ್ದು, ಮತ್ತು ರಿಸರ್ವ್. ಟ್ಯಾಂಕಿನೊಳಗೆ ನಲ್ಲಿಗೆ ಸೇರಿದಂತೆ ಒಂದು ಎತ್ತರದ ಕೊಳವೆ ನಿಂತಿರುತ್ತದೆ. ಪೆಟ್ರೋಲಿನ ಮಟ್ಟ ಆ ಕೊಳವೆಯ ತುದಿಗಿಂತ ಕೆಳಗಿಳಿದಾಗ ಗಾಡಿ ನಿಲ್ಲುತ್ತದೆ. ಹಿಡಿಯನ್ನು ರಿಸರ್ವಿಗೆ ತಿರುಗಿಸಿದರೆ ತಳದ ರಂಧ್ರದಿಂದ ಉಳಿದ ಪೆಟ್ರೋಲು ಹರಿಯತೊಡಗುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಸವಾರನೇ ಕೈಯಿಟ್ಟು ನಲ್ಲಿಯನ್ನು ಮುಚ್ಚಬೇಕಾಗಿತ್ತು.

1984ರಲ್ಲಿ ಕೈನೆಟಿಕ್ ಹೋಂಡಾ, 2001ರಲ್ಲಿ ಹೋಂಡಾ ಆಕ್ಟಿವಾ ನಮ್ಮ ರಸ್ತೆಗಳಿಗಿಳಿದವು. ಗೇರು ಬದಲಿಸುವ ಕಷ್ಟವಿಲ್ಲದ, ಗುಂಡಿಯೊತ್ತಿದರೆ ಚಾಲೂ ಆಗುವ ಇಂಥ ಸ್ಕೂಟರುಗಳು ಹೆಚ್ಚಾದಂತೆ, ಹಿಡಿಯೇ ಇಲ್ಲದ ನಲ್ಲಿಯೂ ಬಳಕೆಗೆ ಬಂದಿತು. ಇಂಜಿನ್ ತಿರುಗಿದರೆ ಅದು ತೆರೆಯುತ್ತದೆ, ನಿಂತರೆ ಮುಚ್ಚುತ್ತದೆ. ಸವಾರನು ಅದನ್ನು ಮರೆತೇಬಿಡಬಹುದು. ಮರೆತದ್ದರಿಂದಲೇ ಅದು ಕೆಡುವವರೆಗೂ ಅಂಥದೊಂದು ಅಂಗವಿದೆಯೆಂಬುದು ಬಹುಮಂದಿಗೆ ತಿಳಿಯುವುದಿಲ್ಲ.

ಇದರ ಒಳಗುಟ್ಟು ಸರಳ. ವ್ಯಾಕ್ಯೂಮ್ ಎಂಬುದನ್ನು ನಾವು ‘ನಿರ್ವಾತ’ವೆಂದು ಕರೆದೆವು, ವಾತವೇ ಇಲ್ಲದ್ದು ಎಂದು ಅದರ ಅರ್ಥ. ಇಲ್ಲಿ ನಡೆಯುವುದು ಅಷ್ಟು ದೊಡ್ಡ ಸಂಗತಿಯಲ್ಲ. ಪಿಸ್ಟನ್ನು ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಕಾರ್ಬ್ಯುರೇಟರಿನ ಆಚೆಯ ಕೊಳವೆಯಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಆ ಕೊಳವೆಯಿಂದ ಒಂದು ಸಣ್ಣ ರಬ್ಬರ್ ಪೈಪು ನಲ್ಲಿಗೆ ಬಂದಿರುತ್ತದೆ. ನಲ್ಲಿಯೊಳಗೆ ತೆಳುವಾದ ರಬ್ಬರಿನ ಪೊರೆಯೊಂದಿದೆ. ಶರೀರಶಾಸ್ತ್ರದ ಪಾಠದಲ್ಲಿ ಎದೆಗೂ ಹೊಟ್ಟೆಗೂ ನಡುವಣ ಡಯಾಫ್ರಂ ಅನ್ನು ನಾವು ‘ವಪೆ’ ಎಂದು ಓದಿದ್ದೇವಲ್ಲ, ಮೆಕ್ಯಾನಿಕ್ಕುಗಳು ಈ ಪೊರೆಗೂ ಅದೇ ಇಂಗ್ಲಿಷ್ ಹೆಸರಿಟ್ಟಿದ್ದಾರೆ. ಒಂದು ಸ್ಪ್ರಿಂಗು ವಪೆಯನ್ನು ಒತ್ತಿ ಪೆಟ್ರೋಲಿನ ದಾರಿಯನ್ನು ಮುಚ್ಚಿ ಹಿಡಿದಿರುತ್ತದೆ. ವಪೆಯ ಒಂದು ಪಕ್ಕದಲ್ಲಿ ಒತ್ತಡ ಇಳಿದಾಗ ಇನ್ನೊಂದು ಪಕ್ಕದ ಗಾಳಿ ಅದನ್ನು ತಳ್ಳುತ್ತದೆ, ಸ್ಪ್ರಿಂಗು ಸೋಲುತ್ತದೆ, ದಾರಿ ತೆರೆಯುತ್ತದೆ.

ನಮ್ಮ ಸುತ್ತಲಿನ ಗಾಳಿಗೆ ಇಷ್ಟು ಬಲವಿದೆಯೆ? 1643ರಲ್ಲಿ ಇಟಲಿಯ ಟಾರಿಚೆಲ್ಲಿ ತೋರಿಸಿಕೊಟ್ಟಂತೆ ಅದು ಸುಮಾರು 76 ಸೆಂಟಿಮೀಟರ್ ಎತ್ತರದ ಪಾದರಸವನ್ನು ಎತ್ತಿ ನಿಲ್ಲಿಸಬಲ್ಲದು. ಚದರ ಸೆಂಟಿಮೀಟರಿಗೆ ಸರಿಸುಮಾರು 1 ಕಿಲೋಗ್ರಾಮಿನಷ್ಟು ಅದರ ಒತ್ತಡ. ವಪೆಯ ವ್ಯಾಸ 3 ಸೆಂಟಿಮೀಟರ್ ಎಂದು ಭಾವಿಸೋಣ; ಅದರ ವಿಸ್ತೀರ್ಣ 7 ಚದರ ಸೆಂಟಿಮೀಟರ್ ಆಯಿತು. ಒಳಗಿನ ಒತ್ತಡ ಐದರಲ್ಲೊಂದು ಪಾಲು ಇಳಿದರೂ ವಪೆಯ ಮೇಲೆ ಬೀಳುವ ಬಲ ಸುಮಾರು 1.4 ಕಿಲೋಗ್ರಾಂ. ಒಂದು ಸಣ್ಣ ಸ್ಪ್ರಿಂಗನ್ನು ಮಣಿಸಲು ಇದು ಧಾರಾಳವಾಗಿ ಸಾಕು.

ಕೆಡುವುದು ಹೇಗೆ? ರಬ್ಬರಿಗೆ ವಯಸ್ಸಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಿಸಿಲಿನಲ್ಲಿ ನಿಂತ ಗಾಡಿಗಳ ಪೈಪುಗಳು ಗಡುಸಾಗಿ ಬಿರುಕು ಬಿಡುತ್ತವೆ. ಇದರ ಮೇಲೆ ಪೆಟ್ರೋಲೂ ಮೊದಲಿನಂತಿಲ್ಲ. ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಅಂಥ ಮಿಶ್ರಣವನ್ನು ಗಮನದಲ್ಲಿಟ್ಟು ತಯಾರಿಸದ ಹಳೆಯ ರಬ್ಬರು ಅದರಲ್ಲಿ ಉಬ್ಬುವುದೂ ಬಿರುಸಾಗುವುದೂ ಉಂಟು. ಪೈಪು ಬಿರಿದರೆ ವಪೆಗೆ ಎಳೆತ ಸಾಲದೆ ಪೆಟ್ರೋಲು ಬರುವುದಿಲ್ಲ. ಪೂರ್ತಿ ವೇಗ ಕೊಟ್ಟಾಗ ಒಳಗಿನ ಎಳೆತ ಮೊದಲೇ ಕಡಿಮೆ. ಆದುದರಿಂದಲೇ ಇಂಥ ಗಾಡಿಗಳು ದಿಣ್ಣೆ ಏರುವಾಗ ಸೊರಗಿ ನಿಲ್ಲುತ್ತವೆ. ವಪೆಯೇ ಹರಿದರೆ ಪರಿಣಾಮ ತಿರುವುಮುರುವು: ಪೆಟ್ರೋಲು ಕಾರ್ಬ್ಯುರೇಟರನ್ನು ಬಳಸದೆ ಆ ಸಣ್ಣ ಪೈಪಿನ ಮೂಲಕವೇ ಇಂಜಿನ್ನಿಗೆ ನುಗ್ಗುತ್ತದೆ. ಕಪ್ಪು ಹೊಗೆ, ಪೆಟ್ರೋಲಿನ ವಾಸನೆ, ಇಳಿದುಹೋದ ಮೈಲೇಜು ಇದರ ಗುರುತುಗಳು.

ಆದುದರಿಂದ ನಲ್ಲಿಯನ್ನು ಬದಲಿಸುವ ಮೊದಲು ತಪ್ಪು ಯಾರದೆಂದು ವಿಚಾರಿಸಬೇಕು. ನಮ್ಮೂರಿನ ಮೆಕ್ಯಾನಿಕ್ಕು ಮಾಡುವ ಪರೀಕ್ಷೆ ನನಗೆ ಮೆಚ್ಚಿಗೆಯಾಯಿತು. ಇಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಬೀಡಿ ಸೇದುವವರನ್ನು ದೂರ ಕಳಿಸಿ ಅವನು ಸಣ್ಣ ಪೈಪನ್ನು ಇಂಜಿನ್ನಿನ ಕಡೆಯಿಂದ ಬಿಚ್ಚುತ್ತಾನೆ. ಔಷಧದ ಅಂಗಡಿಯಿಂದ ತಂದ, ಸೂಜಿಯಿಲ್ಲದ ಸಿರಿಂಜನ್ನು ಆ ತುದಿಗೆ ಸಿಕ್ಕಿಸಿ ಎಳೆಯುತ್ತಾನೆ. ಪೆಟ್ರೋಲಿನ ಪೈಪಿನ ತುದಿ ಒಂದು ಬಾಟಲಿಯಲ್ಲಿರುತ್ತದೆ. ಎಳೆದಾಗ ಪೆಟ್ರೋಲು ಹರಿದು, ಬಿಟ್ಟಾಗ ನಿಂತರೆ ನಲ್ಲಿ ನಿರ್ದೋಷಿ. ಎಳೆದರೂ ಹರಿಯದಿದ್ದರೆ, ಬಿಟ್ಟರೂ ನಿಲ್ಲದಿದ್ದರೆ, ಅಥವಾ ಸಿರಿಂಜಿನೊಳಕ್ಕೇ ಪೆಟ್ರೋಲು ಬಂದರೆ ಅದರ ಆಯುಷ್ಯ ಮುಗಿಯಿತು. ಎಷ್ಟೋ ಸಲ ಕೆಟ್ಟಿರುವುದು ನಲ್ಲಿಯಲ್ಲ, ಗೇಣುದ್ದದ ಪೈಪು.

ನಲ್ಲಿಯೇ ಕೆಟ್ಟಿದೆ, ಕೈನಲ್ಲಿಯನ್ನೇ ಹಾಕುವುದೆಂದಾದರೆ ಕೆಲವು ನಿಯಮಗಳುಂಟು. ಟ್ಯಾಂಕು ಕಾರ್ಬ್ಯುರೇಟರಿಗಿಂತ ಮೇಲಿರಬೇಕು. ಕೆಳಗಿದ್ದರೆ ಅಲ್ಲಿ ಪೆಟ್ರೋಲನ್ನು ಮೇಲೆತ್ತುವ ಪಂಪಿರುತ್ತದೆ. ಅದರ ಕೆಲಸವನ್ನು ಯಾವ ನಲ್ಲಿಯೂ ಮಾಡಲಾರದು. ಹೊಸ ಪೈಪು ಎಲ್ಲಿಯೂ ಮೇಲೇರದೆ, ಮಡಚಿಕೊಳ್ಳದೆ, ಸೈಲೆನ್ಸರನ್ನು ಮುಟ್ಟದೆ ಇಳಿಯಬೇಕು. ಎರಡು ತುದಿಗೂ ಕ್ಲಿಪ್ಪಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಇಂಜಿನ್ನಿನ ಕಡೆ ಖಾಲಿಯಾಗಿ ಉಳಿಯುವ ಸಣ್ಣ ಪೈಪಿನ ಬಾಯನ್ನು ಗಾಳಿಯಾಡದಂತೆ ಮುಚ್ಚುವುದು. ಅದು ತೆರೆದಿದ್ದರೆ ಅಲ್ಲಿಂದ ಹೆಚ್ಚಿನ ಗಾಳಿ ಒಳಸೇರಿ, ಪೆಟ್ರೋಲಿನ ಪ್ರಮಾಣ ತೆಳುವಾಗಿ ಇಂಜಿನ್ ಕಾಯುತ್ತದೆ. ಟೂ ಸ್ಟ್ರೋಕ್ ಗಾಡಿಗಳಲ್ಲಿ ಪಿಸ್ಟನ್ನು ಹಿಡಿದುಕೊಳ್ಳುವವರೆಗೂ ಇದು ಹೋಗಬಹುದು.

ಕೈನಲ್ಲಿಗೆ ಗುಣಗಳಿಲ್ಲವೆಂದಲ್ಲ. ಅದರ ರಚನೆ ಸರಳ, ರಿಪೇರಿ ಸುಲಭ. ಬಹುದಿನ ನಿಂತ ಗಾಡಿಯಲ್ಲಿ ನಲ್ಲಿ ತೆರೆದೊಡನೆ ಪೆಟ್ರೋಲು ಇಳಿಯುವುದರಿಂದ ಕಿಕ್ಕು ಹೊಡೆದು ಬಸವಳಿಯಬೇಕಾಗಿಲ್ಲ. ಊರಿಗೆ ಹೋಗುವ ಮೊದಲು ನಲ್ಲಿ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬ್ಯುರೇಟರು ಖಾಲಿಯಾಗಿ, ಒಳಗೆ ಅಂಟು ಕಟ್ಟುವುದು ತಪ್ಪುತ್ತದೆ.

ಆದರೆ ಅದು ತೆರೆದೇ ಉಳಿದರೆ? ಆಗ ಪೆಟ್ರೋಲಿಗೆ ಅಡ್ಡ ನಿಲ್ಲುವುದು ಕಾರ್ಬ್ಯುರೇಟರಿನೊಳಗಿನ ಒಂದು ಸೂಜಿ ಮಾತ್ರ. ಅದರ ತುದಿಯಲ್ಲಿ ಮರಳಿನ ಕಣವೊಂದು ಸಿಕ್ಕಿಕೊಂಡರೂ ಸಾಕು, ರಾತ್ರಿಯಿಡೀ ಪೆಟ್ರೋಲು ತೊಟ್ಟಿಕ್ಕುತ್ತದೆ. ಇಂಜಿನ್ನಿನೊಳಕ್ಕೆ ಇಳಿದರೆ ಫೋರ್ ಸ್ಟ್ರೋಕ್ ಗಾಡಿಯ ಆಯಿಲನ್ನು ನೀರಾಗಿಸಿ ಇಂಜಿನ್ನನ್ನು ಸವೆಸುತ್ತದೆ. ಹೊರಗೆ ಸುರಿದರೆ ಅದಕ್ಕಿಂತ ಘೋರ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಸ್ಕೂಟರನ್ನು ನಿಲ್ಲಿಸುವುದು ಪಡಸಾಲೆಯಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಕಿಟಕಿಯಿಂದ ಹೊರಹೋಗುವುದಿಲ್ಲ, ನೆಲದ ಮೇಲೆ ಹರಡುತ್ತಾ ಹೊಸ್ತಿಲು ದಾಟುತ್ತದೆ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಕೊಡಬಲ್ಲ ವಸ್ತು ಅದು. ಬೆಳಗಿನ ಜಾವ ದೇವರ ದೀಪ ಹಚ್ಚುವವರಿಗೂ ಒಲೆ ಹೊತ್ತಿಸುವವರಿಗೂ ಇದರ ಸುಳಿವು ಇರುವುದಿಲ್ಲ.

ಹೀಗೆ ನೋಡಿದರೆ ನಾವು ಬದಲಿಸುತ್ತಿರುವುದು ನಲ್ಲಿಯೊಂದನ್ನೇ ಅಲ್ಲ. ಪ್ರತಿ ಸಲವೂ ಮರೆಯದೆ ಮುಚ್ಚುವ ಕರ್ತವ್ಯವನ್ನು ರಬ್ಬರಿನ ಪೊರೆಯಿಂದ ಮನುಷ್ಯನ ಕೈಗೆ ವರ್ಗಾಯಿಸುತ್ತಿದ್ದೇವೆ. ಯಾವ ಕೈ ಎಂಬುದು ಮುಂದಿನ ಪ್ರಶ್ನೆ. ಶೇಂಗಾ ಹೊಲಕ್ಕೆ ಔಷಧ ಹೊಡೆಯುವ ಯಂತ್ರಕ್ಕೆ ಕೈನಲ್ಲಿಯಿದ್ದರೆ ತೊಂದರೆಯಿಲ್ಲ: ಓಡಿಸುವವನು ಒಬ್ಬನೇ, ಕೆಲಸ ಮುಗಿದೊಡನೆ ಮುಚ್ಚುವುದು ಅವನಿಗೆ ರೂಢಿ. ಮನೆಯ ಸ್ಕೂಟರು ಹಾಗಲ್ಲ. ಬೆಳಿಗ್ಗೆ ಮಗ, ಮಧ್ಯಾಹ್ನ ಸೊಸೆ, ಸಂಜೆ ಮೊಮ್ಮಗಳು ಅದನ್ನು ಓಡಿಸುತ್ತಾರೆ. “ಅವರು ಮುಚ್ಚಿರಬಹುದು” ಎಂದು ಪ್ರತಿಯೊಬ್ಬರೂ ಎಣಿಸುತ್ತಾರೆ. ನಲ್ಲಿ ಸೀಟಿನ ಕೆಳಗೆ, ಮುಚ್ಚಳದ ಹಿಂದೆ, ಕೈಗೆಟುಕದಂತಿದ್ದರಂತೂ ಅದು ವರ್ಷವಿಡೀ ತೆರೆದಿರುತ್ತದೆಂದೇ ತಿಳಿಯಬೇಕು.

2020ರ ಏಪ್ರಿಲ್ 1ರಂದು ಬಿ.ಎಸ್. 6 ನಿಯಮಗಳು ಜಾರಿಗೆ ಬಂದು ಹೊಸ ಸ್ಕೂಟರುಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿತು; ಅಲ್ಲಿ ಈ ಚರ್ಚೆಗೆ ಎಡೆಯಿಲ್ಲ. ಅದೇ ವರ್ಷ ಮರಳಿ ಬಂದ ಚೇತಕ್ಕಂತೂ ವಿದ್ಯುತ್ತಿನಿಂದ ಓಡುತ್ತದೆ. ಹಳೆಯ ಗಾಡಿಗಳನ್ನು ಇಟ್ಟುಕೊಂಡಿರುವ ನಮ್ಮಂಥವರು ಮಾತ್ರ ನಿರ್ಧರಿಸಬೇಕಾಗಿದೆ. ಒಬ್ಬರೇ ಓಡಿಸುವ, ಬಯಲಿನಲ್ಲಿ ನಿಲ್ಲುವ, ನಲ್ಲಿ ಕೈಗೆ ಸುಲಭವಾಗಿ ಸಿಗುವ ಗಾಡಿಗೆ ಕೈನಲ್ಲಿ ಒಪ್ಪುತ್ತದೆ. ಹಲವರು ಓಡಿಸುವ, ಮನೆಯೊಳಗೆ ನಿಲ್ಲುವ ಗಾಡಿಗೆ ಹೊಸದಾದ ವ್ಯಾಕ್ಯೂಮ್ ನಲ್ಲಿಯನ್ನೇ, ಹೊಸ ಪೈಪಿನೊಡನೆ, ಹಾಕಿಸುವುದು ಕ್ಷೇಮ. ನನ್ನ ಸ್ಕೂಟರಿಗೆ ನಾನು ಹಾಕಿಸಿರುವುದೂ ಅದನ್ನೇ. ಅದನ್ನು ಓಡಿಸುವವರು ನಮ್ಮ ಮನೆಯಲ್ಲಿ ಮೂವರಿದ್ದೇವೆ.