ಪ್ಯಾಕಪ್ ಆದ ಮೇಲಿನ ದಾರಿ

ಮುಂಬಯಿಯ ಧಾರಾವಾಹಿ ಸೆಟ್‌ಗಳಲ್ಲಿ ಒಂದು ಪಾಳಿ ಎಂದರೆ 12 ಗಂಟೆ. ಲೈಟ್, ಮೇಕಪ್, ಕಲಾ ವಿಭಾಗದವರಿಗೆ ಅದು ಹೆಸರಿಗಷ್ಟೇ. ಅವರು ಎಲ್ಲರಿಗಿಂತ ಮೊದಲು ಬಂದು ಎಲ್ಲರೂ ಹೋದ ಮೇಲೆ ಹೊರಡುವವರು. ಸೆಟ್ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲೋ ಮಡ್‌ನಲ್ಲೋ ಇರುತ್ತದೆ, ಬಾಡಿಗೆ ಮನೆ ವಿರಾರ್, ಡೊಂಬಿವಲಿ ಕಡೆ. ರಾತ್ರಿ ಸುಮಾರು ಒಂದರಿಂದ ನಾಲ್ಕರವರೆಗೆ ಲೋಕಲ್ ಓಡುವುದಿಲ್ಲ. ಉಳಿಯುವುದು ಸ್ವಂತ ಬೈಕು, ಘೋಡ್‌ಬಂದರ್ ರಸ್ತೆ, ಆ ಹೊತ್ತಿನ ಟ್ರಕ್ಕುಗಳು.

ಬೆಳಿಗ್ಗೆ 6ಕ್ಕೆ ಎದ್ದವನಿಗೆ ರಾತ್ರಿ 11ಕ್ಕೆ 17 ಗಂಟೆಯ ಎಚ್ಚರವಾಗುತ್ತದೆ. ಇಷ್ಟು ಹೊತ್ತು ನಿದ್ದೆಗೆಟ್ಟವರ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧಕರು 1990ರ ದಶಕದಲ್ಲೇ ತೋರಿಸಿದ್ದಾರೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ. 0.03. ನಾಕಾಬಂದಿಯ ಪೊಲೀಸರ ಯಂತ್ರಕ್ಕೆ ಊದಿದರೆ ಮಾತ್ರ ಏನೂ ಸಿಗದು. ಕಣ್ಣು ನಾಲ್ಕೇ ಸೆಕೆಂಡು ಮುಚ್ಚಿದರೂ, 60 ಕಿ.ಮೀ. ವೇಗದ ಬೈಕು ಅಷ್ಟರಲ್ಲಿ 65 ಮೀಟರ್ ದಾಟಿರುತ್ತದೆ. ಬ್ರೇಕ್ ಹಾಕುವವರು ಯಾರೂ ಇಲ್ಲ.

ಇದು ನಮ್ಮೂರಿನ ಸಮಸ್ಯೆ ಮಾತ್ರವಲ್ಲ. 1997ರಲ್ಲಿ ಹಾಲಿವುಡ್‌ನ 'ಪ್ಲೆಸೆಂಟ್‌ವಿಲ್' ಚಿತ್ರದ ಕ್ಯಾಮೆರಾ ಸಹಾಯಕನೊಬ್ಬ 19 ಗಂಟೆ ದುಡಿದು ಮನೆಗೆ ಹೊರಟವನು, ಸ್ಟಿಯರಿಂಗ್ ಮೇಲೆಯೇ ನಿದ್ದೆಹೋಗಿ ಸತ್ತ. ದಿನಕ್ಕೆ 14 ಗಂಟೆಗಿಂತ ಹೆಚ್ಚು ಬೇಡ ಎಂದು ಸಾವಿರಾರು ಮಂದಿ ಸಹಿ ಹಾಕಿದರು. ಆಸ್ಕರ್ ಗೆದ್ದ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ 2006ರಲ್ಲಿ ಇದೇ ವಿಷಯಕ್ಕೆ 'ಹೂ ನೀಡ್ಸ್ ಸ್ಲೀಪ್?' ಸಾಕ್ಷ್ಯಚಿತ್ರ ಮಾಡಿದರು. ಮಿತಿ ಕಾನೂನಾಗಲಿಲ್ಲ. ಇಲ್ಲಿ 2025ರಲ್ಲಿ ದೀಪಿಕಾ ಪಡುಕೋಣೆಯವರ ಎಂಟು ಗಂಟೆಯ ಮಾತು ವಾರಗಟ್ಟಲೆ ಸುದ್ದಿಯಾಯಿತು. ಸ್ಪಾಟ್‌ಬಾಯ್‌ನ ಗಂಟೆಗಳನ್ನು ಯಾರು ಎಣಿಸುತ್ತಾರೆ?

ಅದೇ ವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರಲ್ಲಿ ಪಾಳಿಗೆ ಬೈಕಿನಲ್ಲಿ ಹೋಗುವಾಗ ಸತ್ತಿದ್ದ. ಕೆಲಸಕ್ಕೂ ಪ್ರಯಾಣಕ್ಕೂ ನಂಟು ಸ್ಪಷ್ಟವಿದ್ದರೆ ದಾರಿಯ ಅಪಘಾತವೂ ಕೆಲಸದ ಅಪಘಾತವೇ ಎಂದಿತು ನ್ಯಾಯಾಲಯ. ಆದರೆ ಈ ಪರಿಹಾರ ಕೇಳಲು ಒಬ್ಬ ಮಾಲೀಕ ಇರಬೇಕು. ವೋಚರ್ ಮೇಲೆ ದಿನಗೂಲಿ ಪಡೆಯುವವನಿಗೆ, ತಿಂಗಳುಗಳ ನಂತರ ಹಣ ಬರುವ ಬಿಲ್ಲು ಬರೆಯುವವನಿಗೆ ಮಾಲೀಕ ಯಾರು? ಚಾನೆಲ್ಲೇ, ನಿರ್ಮಾಪಕನೇ, ಕರೆತಂದ ಮೇಸ್ತ್ರಿಯೇ? ಸೆಟ್ಟಿನ ಗೇಟು ದಾಟಿದೊಡನೆ ಅವನು ಯಾರ ಲೆಕ್ಕದಲ್ಲೂ ಇಲ್ಲ. 'ಬರಲಾಗದು, ನಿದ್ದೆ ಆಗಿಲ್ಲ' ಎಂದರೆ ಮುಂದಿನ ಕರೆ ಬೇರೆಯವರಿಗೆ ಹೋಗುತ್ತದೆ. ಧೈರ್ಯ ಹೇಳುವುದು ಸುಲಭ, ಬಾಡಿಗೆ ಕಟ್ಟಬೇಕಾದವನಿಗೆ ಗೊತ್ತು.

ಹಾಗಾಗಿ ಮಾತು ದರ ನಿಗದಿಯ ಹೊತ್ತಿಗೇ ಆಗಬೇಕು. 'ರಾತ್ರಿ 11 ದಾಟಿದರೆ ಮನೆಗೆ ಗಾಡಿ ನಿಮ್ಮದು' ಎಂಬ ಒಂದು ಸಾಲನ್ನು ವಾಟ್ಸಾಪ್‌ನಲ್ಲಿ ಕಳಿಸಿಬಿಡಿ. ಕೊಡದಿದ್ದರೂ ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ. ನಾಲ್ಕು ಜನ ಒಟ್ಟಿಗೆ ಕೇಳಿದರೆ ಒಂದು ಟೆಂಪೊ ಸಿಕ್ಕೀತು. ಏನೂ ಸಿಗದ ರಾತ್ರಿ, ಹೊರಡುವ ಮೊದಲು ಒಂದು ಚಹಾ ಕುಡಿದು ಮೇಕಪ್ ಕೋಣೆಯಲ್ಲೇ 20 ನಿಮಿಷ ಮಲಗಿ. ಚಹಾ ತಲೆಗೇರಲು ಅಷ್ಟು ಹೊತ್ತು ಬೇಕೇ ಬೇಕು. ಮುಖಕ್ಕೆ ನೀರು, ಜೋರು ಹಾಡು, ಗುಟ್ಕಾ ಇವು ಐದು ಹತ್ತು ನಿಮಿಷದ ಆಟ, ವಿರಾರ್ ಅದಕ್ಕಿಂತ ದೂರ.